ತಾಳಿಕೆಗೆ ಎಷ್ಟು ಅಂಕ

ಮೂವತ್ತೊಂದು ವರ್ಷ ಗಣಿತ ಕಲಿಸಿದವಳು ನಾನು. ಪುತ್ತೂರು ಪೇಟೆಯಲ್ಲಿ ಈಗಲೂ ಅರ್ಧ ತಲೆ ನರೆತ ಗಂಡಸರು ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುವುದುಂಟು. ಅಂಕ ಕೊಡುವುದು ನನಗೆ ಅಭ್ಯಾಸವಲ್ಲ, ಚಟ. ನಿವೃತ್ತಿಯಾದ ಮೇಲೂ ಮದುವೆ ಊಟದ ಸಾರಿಗೆ ಹತ್ತರಲ್ಲಿ ಆರು, ಪಕ್ಕದ ಮನೆಯವರ ಹೊಸ ಗೇಟಿಗೆ ನಾಲ್ಕು ಎಂದು ಮನಸ್ಸಿನಲ್ಲೇ ಹಾಕುತ್ತಾ ಹೋಗುತ್ತೇನೆ. ನನ್ನ ಗಂಡ ಬದುಕಿದ್ದಾಗ, "ನನಗೆಷ್ಟು ಮಾರಾಯ್ತಿ?" ಎಂದು ಕೇಳುತ್ತಿದ್ದರು. "ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿ" ಎನ್ನುತ್ತಿದ್ದೆ.

ಅಂಥ ನನ್ನನ್ನು ಹುಡುಕಿಕೊಂಡು ಒಂದು ದಿನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಒಂಬತ್ತನೆಯ ತರಗತಿಯಲ್ಲಿ ಬೀಜಗಣಿತ ಎಂದರೆ ಕಣ್ಣೀರು ಹಾಕುತ್ತಿದ್ದ ಹುಡುಗಿ ಈಗ ಮಕ್ಕಳ ಡಾಕ್ಟರು. ಅವಳೊಂದು ಅಧ್ಯಯನ ಕೈಗೆತ್ತಿಕೊಂಡಿದ್ದಳು. ವರ್ಷಗಟ್ಟಲೆ ಬಿಡದ ಕಾಯಿಲೆ ಹೊತ್ತುಕೊಂಡು ಬೆಳೆಯುವ ಮಕ್ಕಳಿದ್ದಾರಲ್ಲ, ಸಕ್ಕರೆ ಕಾಯಿಲೆಯವರು, ಉಬ್ಬಸದವರು, ಆಗಾಗ ರಕ್ತ ಹಾಕಿಸಿಕೊಳ್ಳಬೇಕಾದವರು, ಅವರಲ್ಲಿ ಕೆಲವರು ಕುಸಿದುಹೋಗುತ್ತಾರೆ, ಕೆಲವರು ಎದ್ದು ನಿಲ್ಲುತ್ತಾರೆ. ಎದ್ದು ನಿಲ್ಲಿಸುವ ಆ ತಾಳಿಕೆ ಯಾರಲ್ಲಿ ಎಷ್ಟಿದೆ ಎಂದು ಅಳೆಯಬೇಕು. ಅದಕ್ಕೆ ಪುತ್ತೂರು, ಸುಳ್ಯ, ಕಡಬದ ಮನೆ ಮನೆಗೆ ಹೋಗಿ ಮಕ್ಕಳನ್ನು ಮಾತಾಡಿಸುವವರು ಬೇಕಿತ್ತು.

"ತುಳು ಬರ್ಬೇಕು, ಅರೆಭಾಷೆ ಬರ್ಬೇಕು, ಬ್ಯಾರಿ, ಮಲಯಾಳ ಸ್ವಲ್ಪ ಸ್ವಲ್ಪ ಬರ್ಬೇಕು. ಮತ್ತೆ ಬಸ್ಸಲ್ಲಿ ತಿರುಗುವ ಹುಚ್ಚು ಇರ್ಬೇಕು. ನನಗೆ ಬೇರೆ ಯಾರೂ ಗೊತ್ತಿಲ್ಲ ಟೀಚರ್" ಎಂದಳು.

ಇಪ್ಪತ್ತನಾಲ್ಕು ಪ್ರಶ್ನೆಗಳ ಒಂದು ಫಾರಂ ಕೊಟ್ಟಳು. ಕಷ್ಟ ಬಂದಾಗ ಯಾರ ಹತ್ತಿರ ಹೇಳಿಕೊಳ್ಳಬೇಕೆಂದು ನನಗೆ ಗೊತ್ತಿದೆ, ಸೋತರೂ ಮತ್ತೆ ಪ್ರಯತ್ನಿಸುತ್ತೇನೆ, ಇಂಥ ಮಾತುಗಳು. ಪ್ರತಿಯೊಂದಕ್ಕೂ ಮಗು ಹೌದು, ಕೆಲವೊಮ್ಮೆ, ಇಲ್ಲ ಎಂಬುದರಲ್ಲಿ ಒಂದನ್ನು ಆರಿಸಬೇಕು. ಹೌದು ಎಂದರೆ ಎರಡು ಅಂಕ, ಕೆಲವೊಮ್ಮೆಗೆ ಒಂದು, ಇಲ್ಲ ಎಂದರೆ ಸೊನ್ನೆ. ಆರು ತಿಂಗಳ ನಂತರ ಅದೇ ಮಗುವಿಗೆ ಅದೇ ಪ್ರಶ್ನೆ ಇನ್ನೊಮ್ಮೆ. "ಒಂದೇ ಒಂದು ನಿಯಮ, ಟೀಚರ್. ಒಟ್ಟು ಎಷ್ಟು ಬಂತು ಅಂತ ಮನೆಯವರಿಗೆ ಹೇಳ್ಲಿಕ್ಕಿಲ್ಲ. ಇದು ಪರೀಕ್ಷೆ ಅಲ್ಲ, ಪಾಸು ಫೇಲು ಇಲ್ಲ" ಎಂದು ಎರಡೆರಡು ಸಲ ಹೇಳಿದಳು. ನಾನು ತಲೆಯಾಡಿಸಿದೆ. ಒಂದೇ ನಿಯಮ ಪಾಲಿಸಲಿಕ್ಕೇನು ಕಷ್ಟ ಎಂದುಕೊಂಡೆ.

ಮೊದಲ ಕೆಲವು ಮನೆಗಳಲ್ಲೇ ನನ್ನ ಎಣಿಕೆ ತಪ್ಪಿತು. ಉಪ್ಪಿನಂಗಡಿಯ ಒಂದು ಬ್ಯಾರಿ ಮನೆಯಲ್ಲಿ ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳುವ ಒಂಬತ್ತು ವರ್ಷದ ಮಗು, "ಈ ಸಲ ರಕ್ತ ಕೊಟ್ಟವರಿಗೆ ಲೆಕ್ಕ ಒಳ್ಳೆದು ಬರ್ತಿತ್ತು ಕಾಣ್ತದೆ. ಭಾಗಾಕಾರ ಎಲ್ಲ ಸರಿಯಾಯ್ತು" ಎಂದಿತು. ಮನೆಯವರೆಲ್ಲ ನಕ್ಕರು, ನಾನೂ ನಕ್ಕೆ. ಬಸ್ಸಿನಲ್ಲಿ ಕೂತ ಮೇಲೆ ಲೆಕ್ಕ ಹಾಕಿದೆ. ಒಂಬತ್ತು ವರ್ಷದಲ್ಲಿ ನಾನು ಏನು ಮಾಡುತ್ತಿದ್ದೆ? ಜ್ವರ ಬಂದರೆ ಊರಿಗೆಲ್ಲ ಕೇಳುವಂತೆ ನರಳುತ್ತಿದ್ದೆ.

ಆದರೆ ನಾನು ಹೇಳಹೊರಟದ್ದು ಇನ್ನೊಬ್ಬ ಹುಡುಗಿಯ ವಿಷಯ. ನಾನು ಅವಳಿಗೆ ಮಾಡಿದ ತಪ್ಪಿನ ವಿಷಯ ಎಂದರೂ ಸರಿಯೇ.

ಅವಳ ಮನೆ ಕಡಬದಿಂದ ಕಾಣಿಯೂರಿನ ಕಡೆಗೆ ಹೋಗುವ ದಾರಿಯಲ್ಲಿ, ಬಸ್ಸಿಳಿದು ರಬ್ಬರ್ ಮರಗಳ ನಡುವೆ ಹತ್ತು ನಿಮಿಷ ನಡೆದರೆ ಸಿಗುತ್ತದೆ. ಹನ್ನೆರಡು ವರ್ಷ, ಏಳನೆಯ ತರಗತಿ. ಎಂಟನೆಯ ವಯಸ್ಸಿನಲ್ಲಿ ಅವಳಿಗೆ ಸಕ್ಕರೆ ಕಾಯಿಲೆ ಬಂದಿತ್ತು. ನಮ್ಮಂಥ ಮುದುಕರು ಮಾತ್ರೆ ನುಂಗಿ ಸುಧಾರಿಸಿಕೊಂಡು ಹೋಗುವಂಥದ್ದಲ್ಲ. ಮಕ್ಕಳಿಗೆ ಬರುವಂಥದ್ದು, ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳದಿದ್ದರೆ ಜೀವ ನಿಲ್ಲದಂಥದ್ದು. ಅಪ್ಪ ಸಂಪಾಜೆ ಘಾಟಿಯಲ್ಲಿ ಲಾರಿ ಓಡಿಸುವವರು, ಮನೆಗೆ ಬರುವುದು ವಾರಕ್ಕೊಮ್ಮೆ. ಅಮ್ಮನಿಗೆ ರಬ್ಬರ್ ಟ್ಯಾಪಿಂಗ್ ಕೆಲಸ, ಮರ ಕೆತ್ತಿ ಹಾಲು ಇಳಿಸುವುದು. ಹುಡುಗಿ ನಾಲ್ಕನೆಯ ತರಗತಿಯಲ್ಲಿದ್ದಾಗ ಒಂದು ದಿನ ಸಕ್ಕರೆ ತೀರಾ ಇಳಿದು ಶಾಲೆಯ ಅಂಗಳದಲ್ಲಿ ಬಿದ್ದಿದ್ದಳು. ಅಂದಿನಿಂದ ಅಮ್ಮ ಬೆಳಿಗ್ಗೆ ಬೇಗ ಟ್ಯಾಪಿಂಗ್ ಮುಗಿಸಿ ಮಗಳ ಜತೆಯಲ್ಲೇ ಶಾಲೆಗೆ ಹೋಗಿ ಸಂಜೆಯವರೆಗೆ ಅಲ್ಲಿಯ ಜಗಲಿಯಲ್ಲಿ ಕೂತಿರುತ್ತಿದ್ದರು. ಮೂರು ವರ್ಷ, ಒಂದು ದಿನ ತಪ್ಪದೆ.

ನಾನು ಮೊದಲ ಸಲ ಹೋದದ್ದು ಡಿಸೆಂಬರಿನ ಒಂದು ಭಾನುವಾರ. ಹುಡುಗಿ ಒಳಗಿದ್ದಳು. ಅಮ್ಮ ನನ್ನನ್ನು ಕೂರಿಸಿ, ದನಿ ತಗ್ಗಿಸಿ ವಿಷಯ ಹೇಳಿದರು.

"ಎಂಟನೆಗೆ ಬಸ್ಸಲ್ಲಿ ಹೋಗ್ಬೇಕು ಟೀಚರ್. ಹೈಸ್ಕೂಲಲ್ಲಿ ಜಗಲಿಯಲ್ಲಿ ಕೂರ್ಲಿಕ್ಕೆ ಬಿಡುದಿಲ್ಲ ಹೇಳಿದ್ದಾರೆ. ಇವಳಿಗೆ ಒಬ್ಬಳೇ ಹೋಗ್ತೇನೆ ಅಂತ ಹಟ. ನಿಮ್ಮ ಪರೀಕ್ಷೆ ಆಗ್ಲಿ, ಅದರಲ್ಲಿ ಎಂತ ಬರ್ತದೆ ನೋಡಿ ಹೇಳ್ತೇನೆ ಹೇಳಿದ್ದೇನೆ."

ಅಮ್ಮಾ, ಇದು ಪರೀಕ್ಷೆ ಅಲ್ಲ ಎಂದು ಅಲ್ಲೇ ಆಗಲೇ ಹೇಳಬೇಕಿತ್ತು. ನಾನು ಪೆನ್ನು ಹುಡುಕುತ್ತಾ "ಹೂಂ" ಎಂದೆ.

ಅಷ್ಟರಲ್ಲಿ ಹುಡುಗಿ ಹೊರಗೆ ಬಂದಳು. ಎಣ್ಣೆ ಹಾಕಿ ಬಿಗಿದ ಎರಡು ಜಡೆ, ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳು. ಕೈಯಲ್ಲಿ ಒಂದು ತಟ್ಟೆ, ಅದರಲ್ಲಿ ಒಂದು ಲೋಟ ನೀರು ಮತ್ತು ಒಂದು ತುಂಡು ಬೆಲ್ಲ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು. ಚಾ, ಊಟ, ಮಾತುಕತೆ ಎಲ್ಲ ಆಮೇಲೆ. ಬೆಲ್ಲವನ್ನು ಕಂಡು ಅಯ್ಯೋ ಎನಿಸಿತು. ತಿನ್ನಬಾರದ್ದನ್ನೇ ಈ ಮಗುವಿನ ಕೈಯಲ್ಲಿ ಕೊಟ್ಟು ಕಳಿಸಿದ್ದಾರಲ್ಲ ಎಂದು ಅಮ್ಮನ ಮೇಲೆ ಸಿಟ್ಟೂ ಬಂತು.

"ಬೇಡ ಮಗಾ. ನಿನಗಿಲ್ಲದ್ದು ನನಗ್ಯಾಕೆ?" ಎಂದೆ. ನೀರನ್ನೂ ಮುಟ್ಟಲಿಲ್ಲ.

ಆ ಮಾತಿಗೆ ನನಗೆ ನಾನೇ ಹತ್ತರಲ್ಲಿ ಹತ್ತು ಕೊಟ್ಟುಕೊಂಡೆ. ಹುಡುಗಿ ಒಂದು ಗಳಿಗೆ ನಿಂತಳು. ತಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋದಳು. ಅಮ್ಮನ ಮುಖ ಬಿಗಿಯಿತು. ಒಂದು ಮನೆಗೆ ಹೋಗಿ ಅಲ್ಲಿಯ ನೀರು ಮುಟ್ಟದೆ ಕೂತರೆ ಅದಕ್ಕೆ ನಮ್ಮ ಊರಿನಲ್ಲಿ ಏನೇನು ಹಳೆಯ ಅರ್ಥಗಳುಂಟು ಎಂಬುದು ಈ ಮಣ್ಣಿನಲ್ಲೇ ಹುಟ್ಟಿ ಬೆಳೆದ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕರುಣೆಯ ಅಮಲಿನಲ್ಲಿ ಮರೆತಿದ್ದೆ.

ಆಮೇಲೆ ಪ್ರಶ್ನೆಗಳು. ಅಮ್ಮ ಹಿತ್ತಲಿಗೆ ಹೋದರು, ಹುಡುಗಿ ಚಾಪೆಯ ಮೇಲೆ ನನ್ನೆದುರು ಕೂತಳು. ಅವಳು ಉತ್ತರ ಹೇಳಿದ ರೀತಿ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ತಲೆ ತಗ್ಗಿಸಿ, ಚಾಪೆಯ ಅಂಚಿನ ನೂಲು ಎಳೆಯುತ್ತಾ, ಇಲ್ಲ, ಕೆಲವೊಮ್ಮೆ, ಇಲ್ಲ, ಇಲ್ಲ. ನಿನ್ನ ಕೆಲಸ ನೀನೇ ಮಾಡಿಕೊಳ್ಳುತ್ತೀಯಾ? ಕೆಲವೊಮ್ಮೆ. ಮುಂದೆ ಒಳ್ಳೆಯದಾಗುತ್ತದೆ ಅನಿಸುತ್ತದೆಯೇ? ಇಲ್ಲ. ಕೂಡಿಸಿದರೆ ನಲವತ್ತೆಂಟಕ್ಕೆ ಹದಿನೇಳು. ನಾನು ಅಲ್ಲಿಯವರೆಗೆ ಹೋದ ಮನೆಗಳಲ್ಲೆಲ್ಲ ಇಷ್ಟು ಕಡಿಮೆ ಬಂದಿರಲಿಲ್ಲ. ಪಾಪ ಎಂದುಕೊಂಡೆ.

ಹೊರಡುವಾಗ ಅಮ್ಮ ತೋಟದ ದಾರಿಯವರೆಗೆ ಬಂದರು. "ಟೀಚರ್, ಪಾಸಾ?" ಎಂದು ಕೇಳಿದರು.

ಮೂವತ್ತೊಂದು ವರ್ಷ ಶಾಲೆಯ ಗೇಟಿನ ಹತ್ತಿರ ಸಾವಿರಾರು ತಾಯಂದಿರು ನನಗೆ ಕೇಳಿದ ಪ್ರಶ್ನೆ ಅದು. ಬಾಯಿ ತನ್ನಷ್ಟಕ್ಕೇ ತೆರೆಯಿತು. "ಸ್ವಲ್ಪ ಕಡಿಮೆ ಉಂಟು. ಮುಂದಿನ ಸಲ ನೋಡುವ" ಎಂದುಬಿಟ್ಟೆ. ಅಮ್ಮ ತಲೆಯಾಡಿಸಿ ಹಿಂದೆ ತಿರುಗಿದರು. ಹೇಳಬಾರದ್ದನ್ನು ಹೇಳಿದೆ ಎಂದು ಬಸ್ಸು ಹತ್ತುವಾಗ ಹೊಳೆಯಿತು. ಒಂದು ಮಾತು ತಾನೇ ಎಂದು ಸಮಾಧಾನ ಮಾಡಿಕೊಂಡೆ.

ಆ ಒಂದು ಮಾತು ಏನು ಮಾಡಿತೆಂದು ತಿಳಿದದ್ದು ಫೆಬ್ರವರಿಯಲ್ಲಿ. ಕಡಬದ ಪೇಟೆಯಲ್ಲಿ ಆ ಹುಡುಗಿಯ ಶಾಲೆಯ ಮುಖ್ಯೋಪಾಧ್ಯಾಯರು ಸಿಕ್ಕಿದರು. ಅದೂ ಇದೂ ಮಾತಾಡುತ್ತಾ, "ನಿಮ್ಮ ಆ ಮಗು ಏಳನೆಗೆ ನಿಲ್ಲಿಸುದಂತೆ ಟೀಚರ್. ಒಳ್ಳೆ ಓದುವ ಮಗು. ಎಂತ ಮಾಡುದು, ಡಾಕ್ಟ್ರ ಪರೀಕ್ಷೆಯಲ್ಲಿ ಕಡಿಮೆ ಬಂದಿದೆ, ಒಬ್ಬಳೇ ಕಳಿಸ್ಲಿಕ್ಕೆ ಆಗುದಿಲ್ಲ ಅಂತ ಅಮ್ಮ ಹೇಳಿದ್ರು" ಎಂದರು.

ಅಂಗಡಿಯ ಕಟ್ಟೆ ಹಿಡಿದುಕೊಂಡೆ. ಎಷ್ಟೋ ಮಕ್ಕಳನ್ನು ಫೇಲು ಮಾಡಿದ್ದೇನೆ, ಒಂದು ದಿನವೂ ನಿದ್ದೆ ಕೆಟ್ಟದ್ದಿಲ್ಲ. ಪರೀಕ್ಷೆಯೇ ಅಲ್ಲದ್ದರಲ್ಲಿ ಒಂದು ಮಗುವನ್ನು ಫೇಲು ಮಾಡಿ ಅದರ ಶಾಲೆಯನ್ನೇ ಕಿತ್ತುಕೊಂಡಿದ್ದೆ.

ಡಾಕ್ಟರಿಗೆ ಫೋನು ಮಾಡಿ ಎಲ್ಲ ಒಪ್ಪಿಕೊಂಡೆ. "ಬರೆದ ಫಾರಂ ತಿದ್ದಲಿಕ್ಕೆ ಆಗುದಿಲ್ಲ ಟೀಚರ್. ಹದಿನೇಳು ಅಂದ್ರೆ ಹದಿನೇಳೇ. ನಾನು ಬೇಕಾದ್ರೆ ಆ ಅಮ್ಮನ ಹತ್ರ ಮಾತಾಡ್ತೇನೆ. ಆದ್ರೆ..." ಎಂದು ತಡೆದಳು. ಆಮೇಲೆ, "ನೀವೇ ಹೇಳ್ತಿದ್ರಿ ಅಲ್ವಾ, ತಪ್ಪು ಮಾಡಿದವರೇ ಬೋರ್ಡಿಗೆ ಬಂದು ತಿದ್ಬೇಕು ಅಂತ" ಎಂದಳು. ಬೀಜಗಣಿತಕ್ಕೆ ಅಳುತ್ತಿದ್ದವಳು ಹೀಗೆ ಸೇಡು ತೀರಿಸಿಕೊಂಡಳು. ಸರಿಯಾಗಿಯೇ ತೀರಿಸಿಕೊಂಡಳು.

ಮರುದಿನ ಸಂಜೆ ಹೋದೆ. ಅಮ್ಮ ಕೂರಿ ಎಂದರು, ನಗಲಿಲ್ಲ. ಹುಡುಗಿ ತಟ್ಟೆ ತಂದಳು. ಲೋಟದಲ್ಲಿ ನೀರಿತ್ತು. ಬೆಲ್ಲ ಇರಲಿಲ್ಲ.

"ಬೆಲ್ಲ ಇಲ್ವಾ?" ಎಂದೆ.

"ನಿಮಗೆ ಬೇಡ ಅಲ್ವಾ?" ಎಂದಳು.

ಆ ಹೊತ್ತಿಗೆ ನನ್ನ ತಲೆಗೆ ಸ್ವಲ್ಪ ಬೆಳಕು ಬಿದ್ದಿತ್ತು. "ಅವತ್ತು ನಾನು ತಪ್ಪು ಮಾಡಿದೆ ಮಗಾ. ಬೇಕು" ಎಂದೆ. ಅವಳು ಅಲುಗಲಿಲ್ಲ. ಅಮ್ಮನೇ ಬಾಯಿ ಬಿಟ್ಟರು. ಕಾಯಿಲೆ ಗೊತ್ತಾದ ಹೊಸತರಲ್ಲಿ ಅವರು ಮನೆಯ ಬೆಲ್ಲ, ಸಕ್ಕರೆ ಎಲ್ಲವನ್ನೂ ಕಟ್ಟಿ ಅಟ್ಟಕ್ಕೆ ಹಾಕಿದ್ದರಂತೆ. ಎಂಟು ವರ್ಷದ ಹುಡುಗಿ ಅತ್ತು ರಂಪ ಮಾಡಿ ಇಳಿಸಿದಳಂತೆ. ತಿನ್ನಲಿಕ್ಕಲ್ಲ. ಮನೆಗೆ ಬಂದವರು ಎಂತ ಪಾಪ ಮಾಡಿದ್ದಾರೆ ಎಂದು ಕೇಳಿದಳಂತೆ. ಅಂದಿನಿಂದ ಬೆಲ್ಲ ಒಡೆಯುವುದು, ಡಬ್ಬಿಯಲ್ಲಿ ತುಂಬಿಸುವುದು, ಬಂದವರಿಗೆ ಕೊಡುವುದು ಎಲ್ಲ ಅವಳದೇ. ಬೇರೆ ಯಾರೂ ಮುಟ್ಟುವ ಹಾಗಿಲ್ಲ.

ನಾಲ್ಕು ವರ್ಷ! ದಿನವೂ ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದು, ಅದರ ಪರಿಮಳ ಮೂಗಿಗೆ ಬಡಿದು, ಇನ್ನೊಬ್ಬರ ಬಾಯಿಗೆಂದು ಒಂದು ತುಂಡು ಆರಿಸಿ, ಮುಚ್ಚಳ ಹಾಕುವುದು. ಅವಳ ಕಾಯಿಲೆ ಅವಳಿಂದ ತುಂಬಾ ಕಿತ್ತುಕೊಂಡಿತ್ತು, ಆದರೆ ಮನೆಯ ಯಜಮಾನ್ತಿಯಂತೆ ಬಂದವರಿಗೆ ಕೊಡುವ ಕೈಯನ್ನು ಅವಳು ಬಿಟ್ಟುಕೊಟ್ಟಿರಲಿಲ್ಲ. ಅದನ್ನು ಹೋಗಿ ನಾನು ಬೇಡವೆಂದಿದ್ದೆ.

"ಅವತ್ತು ಎಲ್ಲದಕ್ಕೂ ಇಲ್ಲ ಇಲ್ಲ ಹೇಳಿದ್ದು ಯಾಕೆ?" ಎಂದು ಕೇಳಿದೆ.

"ನಿಮಗೆ ನಾನು ಪಾಪ ಅಂತ ಕಂಡಿತ್ತಲ್ಲ ಟೀಚರ್. ಪಾಪದವರು ಹೇಗೆ ಹೇಳ್ತಾರೋ ಹಾಗೆ ಹೇಳಿದೆ. ಬೇಜಾರಲ್ಲಿ ಶಾಲೆದು ನೆನಪೇ ಆಗ್ಲಿಲ್ಲ" ಎಂದಳು. ಕೊಂಕಿಲ್ಲ, ಸಿಟ್ಟಿಲ್ಲ. ಆಮೇಲೆ ಒಳಗೆ ಹೋಗಿ ಬೆಲ್ಲ ತಂದಳು. ತಿಂದು, ಮೇಲೆ ನೀರು ಕುಡಿದೆ. ಅವಳು ಲೋಟ ಖಾಲಿಯಾಗುವವರೆಗೆ ನೋಡುತ್ತಾ ನಿಂತಿದ್ದಳು.

ಅಮ್ಮನನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. ಅದು ಪರೀಕ್ಷೆಯಲ್ಲ, ನಾನು ಹೇಳಬಾರದಿತ್ತು, ತಪ್ಪೆಲ್ಲ ನನ್ನದು ಎಂದು ಮೂರು ಬಗೆಯಲ್ಲಿ ಹೇಳಿದೆ. ಅವರು ಸೆರಗಿನಿಂದ ಕೈ ಒರೆಸುತ್ತಾ ಎಲ್ಲ ಕೇಳಿಸಿಕೊಂಡರು.

"ನಿಮ್ಮದು ತಪ್ಪಾದ್ರೆ ಕಾಗದ ಹಾಳಾಗ್ತದೆ ಟೀಚರ್. ನನ್ನದು ತಪ್ಪಾದ್ರೆ ಮಗು ಇಲ್ಲ. ಅವತ್ತು ಶಾಲೆಯಲ್ಲಿ ಬಿದ್ದಾಗ ಹೇಳಿಕಳಿಸಿದ್ರು, ಹೋಗಿ ಇವಳನ್ನು ಎತ್ತಿಕೊಂಡು ರಸ್ತೆಯವರೆಗೆ ಓಡಿದ್ದು ನಾನು. ಕುತ್ತಿಗೆ ಹೀಗೆ ಜೋತಿತ್ತು" ಎಂದು ತಮ್ಮ ಕೈಯನ್ನು ಸೋತಂತೆ ಕೆಳಗೆ ಬಿಟ್ಟು ತೋರಿಸಿದರು.

ಆಗ ಹುಡುಗಿಯೇ ಮಾತಾಡಿದಳು. ತಾನೊಂದು ಪರೀಕ್ಷೆ ಕೊಡುತ್ತೇನೆಂದಳು. ಮೇ ತಿಂಗಳಲ್ಲಿ ಹೈಸ್ಕೂಲಿನಲ್ಲಿ ಸೇರುವ ಅರ್ಜಿ ಕೊಡುತ್ತಾರೆ. ಒಬ್ಬಳೇ ಬಸ್ಸಿನಲ್ಲಿ ಹೋಗಿ ಅದನ್ನು ತರುತ್ತೇನೆ. "ಟೀಚರ್ ಹಿಂದೆ ಬರ್ಲಿ. ಮಾತಾಡ್ಲಿಕ್ಕಿಲ್ಲ, ಹತ್ರ ಬರ್ಲಿಕ್ಕಿಲ್ಲ. ನಾನು ಬಿದ್ರೆ ಮಾತ್ರ ಮುಟ್ಲಿ. ಬಿದ್ರೆ ನಾನು ಶಾಲೆ ಕೇಳುದಿಲ್ಲ."

ಹನ್ನೆರಡು ವರ್ಷದ ಮಗು ತನ್ನ ಪ್ರಶ್ನೆಪತ್ರಿಕೆಯನ್ನು ತಾನೇ ತಯಾರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದೂ ಇಷ್ಟು ಕಠಿಣವಾದದ್ದು. ಅಮ್ಮ ಬಹಳ ಹೊತ್ತು ಮಗಳ ಮುಖ ನೋಡಿದರು. "ಆಗ್ಲಿ" ಎಂದರು.

ಮೇ ತಿಂಗಳ ಆ ದಿನ ಬಿಸಿಲು ತಲೆ ಒಡೆಯುವಂತಿತ್ತು. ಬೆಳಿಗ್ಗೆ ಚುಚ್ಚಿಕೊಂಡು, ತಿಂಡಿ ತಿಂದು, ಹೆಗಲಿಗೊಂದು ಚೀಲ ಹಾಕಿಕೊಂಡು ಹುಡುಗಿ ಬಸ್ಸು ಹತ್ತಿದಳು. ನಾನು ಅಪರಿಚಿತಳಂತೆ ಹಿಂದಿನ ಸೀಟಿನಲ್ಲಿ ಕೂತೆ. ಶಾಲೆಯ ಆಫೀಸಿನಲ್ಲಿ ಅರ್ಜಿ ಕೊಡುವವರು ಎಲ್ಲಿಗೋ ಹೋಗಿದ್ದರು. ಹನ್ನೊಂದಕ್ಕೆ ಮುಗಿಯಬೇಕಿದ್ದ ಕೆಲಸ ಮಧ್ಯಾಹ್ನ ಒಂದು ಗಂಟೆ ದಾಟಿದರೂ ಮುಗಿಯಲಿಲ್ಲ. ನಾನು ಗಡಿಯಾರ ನೋಡುತ್ತಾ, ಊಟದ ಹೊತ್ತು ಮೀರುತ್ತಿದೆಯಲ್ಲ ಎಂದು ಒಳಗೊಳಗೇ ಬೇಯುತ್ತಿದ್ದೆ. ಕೊನೆಗೂ ಅರ್ಜಿ ಸಿಕ್ಕಿತು. ಅವಳು ಅದನ್ನು ಮಡಚದೆ ಪುಸ್ತಕದ ನಡುವೆ ಇಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ಬಂದಳು. ನಾನು ಹತ್ತು ಮಾರು ದೂರದಲ್ಲಿ ಒಂದು ಕಂಬದ ಹಿಂದೆ.

ದೂರದಿಂದಲೇ ಗೊತ್ತಾಯಿತು. ಅವಳ ಹಣೆಯಲ್ಲಿ ಬೆವರು ಮೂಡಿ, ಮುಖದ ಬಣ್ಣ ಇಳಿಯಿತು. ಕೈ ನಡುಗುತ್ತಿತ್ತು. ಅವಳು ಬೆಂಚಿನಲ್ಲಿ ಕೂತು ಚೀಲ ತೆರೆದು ಸಕ್ಕರೆ ನೋಡುವ ಸಣ್ಣ ಯಂತ್ರ ತೆಗೆದಳು. ನಡುಗುವ ಕೈಯಲ್ಲೇ ಬೆರಳಿಗೆ ಚುಚ್ಚಿ ನೋಡಿದಳು. ಗ್ಲೂಕೋಸ್ ಪುಡಿಯ ಪೊಟ್ಟಣ ಬಿಚ್ಚಿ ಬಾಯಿಗೆ ಸುರಿದುಕೊಂಡಳು.

ಅಷ್ಟರಲ್ಲಿ ನಮ್ಮ ಬಸ್ಸು ಬಂತು. ಅದು ಬಿಟ್ಟರೆ ಮುಂದಿನದು ಒಂದು ಗಂಟೆ ನಂತರ. ಕಂಡಕ್ಟರ್ ಊರಿನ ಹೆಸರು ಕೂಗುತ್ತಿದ್ದ. ನನ್ನ ಕಾಲು ಎರಡು ಸಲ ಮುಂದಕ್ಕೆ ಹೋಯಿತು, ಎರಡು ಸಲ ಹಿಂದಕ್ಕೆ ಬಂತು. ಹತ್ತು ಮಗಾ, ಮನೆ ಸೇರಿಬಿಡುವ ಎಂದು ಕೂಗಬೇಕೆನಿಸಿತು. ನಾಲಿಗೆ ಕಚ್ಚಿಕೊಂಡೆ. ನನ್ನ ನಾಲಿಗೆಗೆ ಅದಕ್ಕಿಂತ ದೊಡ್ಡ ಶಿಕ್ಷೆ ಎಂದೂ ಸಿಕ್ಕಿರಲಿಲ್ಲ. ಅವಳು ಬಸ್ಸನ್ನು ನೋಡಿದಳು. ನೋಡಿ, ಬೇಡ ಎಂದು ಕಂಡಕ್ಟರಿಗೆ ಕೈಯಾಡಿಸಿದಳು. ಬಸ್ಸು ಹೋಯಿತು.

ಎದ್ದು ನಡೆದರೆ, ನೂಕುನುಗ್ಗಲಿನಲ್ಲಿ ಹತ್ತಿದರೆ ಸಕ್ಕರೆ ಇನ್ನೂ ಇಳಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕಾಲು ಗಂಟೆ ಅಲುಗದೆ ಕೂರಬೇಕು, ಕೂತಳು. ಸುತ್ತ ಜನ, ಹಾರ್ನು, ಐಸ್‌ಕ್ರೀಂ ಗಾಡಿಯ ಗಂಟೆ. ಪಕ್ಕದಲ್ಲಿದ್ದ ಒಬ್ಬ ಅಜ್ಜಿ ಏನೋ ಕೇಳಿದರು. ಹುಡುಗಿ ಎರಡೇ ಮಾತಿನಲ್ಲಿ ಉತ್ತರಿಸಿ ಮತ್ತೆ ಸುಮ್ಮನಾದಳು. ಯಂತ್ರದ ಗಡಿಯಾರ ನೋಡುತ್ತಿದ್ದಳು. ಕಾಲು ಗಂಟೆಯಾದ ಮೇಲೆ ಇನ್ನೊಮ್ಮೆ ಚುಚ್ಚಿ ನೋಡಿ, ಬಿಸ್ಕತ್ತು ತೆಗೆದು ತಿಂದು, ಒಂದು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡಳು. ಆಮೇಲೆ ಮೊದಲ ಬಾರಿಗೆ ನನ್ನ ಕಂಬದ ಕಡೆ ನೋಡಿದಳು. ನಾನು ಕಂಬ ತಬ್ಬಿಕೊಂಡು ನಿಂತಿದ್ದೆ. ಬೆವರು ಅವಳಿಗಿಂತ ನನಗೇ ಹೆಚ್ಚಿತ್ತು. ಅದನ್ನು ಕಂಡು ನಕ್ಕಳು.

ನಾನು ಬೆಟ್ಟ ನೋಡಿದ್ದೇನೆ, ಕಡಲು ನೋಡಿದ್ದೇನೆ, ಮಳೆಗಾಲದಲ್ಲಿ ಉಪ್ಪಿನಂಗಡಿಯಲ್ಲಿ ಎರಡು ಹೊಳೆ ಸೇರಿ ಮೆಟ್ಟಿಲು ನುಂಗುವುದನ್ನು ನೋಡಿದ್ದೇನೆ. ಆ ಬೆಂಚಿನ ಮೇಲೆ ಕೂತಿದ್ದ ಮಗುವನ್ನು ನೋಡಿದಾಗ ಆದಂಥ ಬೆರಗು ನನಗೆ ಅಲ್ಲೆಲ್ಲೂ ಆಗಿಲ್ಲ. ಜೀವ ಜಾರುತ್ತಿರುವಾಗ ಓಡಬೇಕೆನಿಸುತ್ತದೆ, ಯಾರನ್ನಾದರೂ ಕೂಗಬೇಕೆನಿಸುತ್ತದೆ. ಸುಮ್ಮನೆ ಕೂರುವುದು ಎಷ್ಟು ದೊಡ್ಡ ಕೆಲಸ! ಅದಕ್ಕೆ ಫಾರಮ್ಮಿನಲ್ಲಿ ಪ್ರಶ್ನೆಯೇ ಇರಲಿಲ್ಲ.

ಮುಂದಿನ ಬಸ್ಸಿನಲ್ಲಿ ಬಂದಿಳಿದಾಗ ಅಮ್ಮ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದರು. ಎಷ್ಟು ಹೊತ್ತಿನಿಂದಲೋ. ಮೊದಲ ಬಸ್ಸಿನಲ್ಲಿ ಮಗಳು ಇಳಿಯದಿದ್ದಾಗ ಅವರಿಗೆ ಏನಾಗಿರಬೇಕೆಂದು ಯೋಚಿಸಲಿಕ್ಕೂ ನನಗೆ ಧೈರ್ಯವಾಗಲಿಲ್ಲ. ಅವರು ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಹೇಳಿದಳು.

"ಐವತ್ತೆಂಟಕ್ಕೆ ಇಳಿದಿತ್ತು ಅಮ್ಮ. ಅದಕ್ಕೆ ಬಸ್ಸು ಬಿಟ್ಟೆ."

ಎಪ್ಪತ್ತಕ್ಕಿಂತ ಕೆಳಗಿಳಿದರೆ ಅಪಾಯ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಲೆಕ್ಕ. ಅವಳು ಮುಚ್ಚಿಡಬಹುದಿತ್ತು. ಬಸ್ಸು ತಪ್ಪಿತು ಎಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ನಾನೂ ಆ ಸುಳ್ಳಿಗೆ ತಲೆಯಾಡಿಸುತ್ತಿದ್ದೆನೋ ಏನೋ. ತನ್ನ ಶಾಲೆ ಹೋದರೂ ಹೋಗಲಿ ಎಂದು ನಿಜವನ್ನೇ ಮುಂದಿಟ್ಟಳು.

"ಹೆದರಿಕೆ ಆಯ್ತಾ?" ಎಂದರು ಅಮ್ಮ.

"ಆಯ್ತು."

"ಮತ್ತೆ?"

"ಮತ್ತೆಂತ, ಕೂತೆ."

ಅಮ್ಮ ಎದ್ದರು. ಸೀರೆಯ ಹಿಂಬದಿ ಕೊಡವಿಕೊಂಡು, ಮಗಳ ಚೀಲ ತೆಗೆದುಕೊಳ್ಳಲು ಕೈ ಚಾಚಿ, ಏನೋ ನೆನಪಾದವರಂತೆ ಕೈ ಹಿಂದಕ್ಕೆ ತೆಗೆದುಕೊಂಡರು. "ಅರ್ಜಿಗೆ ಎಲ್ಲಿ ಸೈನ್ ಹಾಕ್ಬೇಕು, ಟೀಚರ್?" ಎಂದು ನನ್ನನ್ನು ಕೇಳಿದರು. ನಾನು ರಸ್ತೆಯಲ್ಲೇ ಅತ್ತುಬಿಟ್ಟೆ. ನನ್ನ ಶಿಷ್ಯರು ಯಾರಾದರೂ ಕಂಡಿದ್ದರೆ ನಂಬುತ್ತಿರಲಿಲ್ಲ.

ಆರು ತಿಂಗಳ ಎರಡನೆಯ ಫಾರಂ ತುಂಬಿಸಲು ಆ ಮನೆಗೆ ಬೇರೆ ಯಾರನ್ನಾದರೂ ಕಳಿಸು ಎಂದು ಡಾಕ್ಟರಿಗೆ ಹೇಳಿದೆ. ಅವಳ ವಿಷಯದಲ್ಲಿ ನಾನೀಗ ಪಕ್ಷಪಾತಿ. ಮೊದಲ ಫಾರಮ್ಮಿನ ಹದಿನೇಳು ಹಾಗೆಯೇ ಉಳಿಯಿತು. ಅದರ ಕೆಳಗೆ ಷರಾ ಬರೆಯಲು ಬಿಟ್ಟಿದ್ದ ಎರಡು ಸಾಲಿನ ಜಾಗದಲ್ಲಿ, ಈ ಅಂಕ ಪ್ರಶ್ನೆ ಕೇಳಿದವಳದು, ಮಗುವಿನದಲ್ಲ ಎಂದು ಬರೆದು ಸಹಿ ಹಾಕಿ, ದಿನಾಂಕ ಬರೆದು ಕೊಟ್ಟೆ. ಎರಡನೆಯ ಸಲ ಎಷ್ಟು ಬಂತೆಂದು ನಾನು ಕೇಳಲಿಲ್ಲ. ಜೀವಮಾನದಲ್ಲಿ ನಾನು ಕೇಳದೆ ಬಿಟ್ಟ ಅಂಕ ಅದೊಂದೇ.

ಹೈಸ್ಕೂಲು ಶುರುವಾದ ದಿನ ಪುತ್ತೂರಿನ ಮನೆಯಲ್ಲಿ ನನಗೆ ಕೂರಲಾಗಲಿಲ್ಲ. ಮಧ್ಯಾಹ್ನ ಊಟವಾದದ್ದೇ ಬಸ್ಸು ಹತ್ತಿದೆ. ಅಮ್ಮ ಬಾಗಿಲಲ್ಲಿ ನಿಂತು ದಾರಿ ಕಾಯುತ್ತಿರುತ್ತಾರೆ, ಜತೆಗೆ ನಾನೂ ಕಾದರೆ ಅವರಿಗೆ ಸ್ವಲ್ಪ ಹಗುರವಾದೀತು ಎಂದು ಲೆಕ್ಕ ಹಾಕಿದ್ದೆ. ಮಳೆ ಬಂದು ನಿಂತಿತ್ತು. ಮನೆ ತಲುಪಿದಾಗ ನಾಲ್ಕು ಗಂಟೆ. ಬಾಗಿಲು ತೆರೆದಿತ್ತು, ಯಾರೂ ನಿಂತಿರಲಿಲ್ಲ. ಜಗಲಿಯ ಚಾಪೆಯ ಮೇಲೆ ಅಮ್ಮ ಮಲಗಿದ್ದರು. ಒಂದು ಕೈ ತಲೆಯಡಿಗೆ, ಇನ್ನೊಂದು ಫೋನಿನ ಮೇಲೆ. ಬಾ ಎಂಬ ಕರೆಗೆ ಓಡಲು ಸಿದ್ಧವಾಗಿ ಕೂತಿದ್ದವರಿಗೆ ಯಾವಾಗಲೋ ಕಣ್ಣು ಹತ್ತಿಬಿಟ್ಟಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಅವರು ಇಷ್ಟು ಚಿಕ್ಕ ಪ್ರಾಯದವರು ಎಂದು ನನಗೆ ಅಲ್ಲಿಯವರೆಗೆ ಅನಿಸಿಯೇ ಇರಲಿಲ್ಲ. ಮೂವತ್ತೈದು ಇದ್ದರೆ ಹೆಚ್ಚು. ಸದ್ದು ಮಾಡದೆ ಮೆಟ್ಟಿಲ ಮೇಲೆ ಕೂತೆ.

ಐದಕ್ಕೆ ಹುಡುಗಿ ಬಂದಳು. ಹೊಸ ಯೂನಿಫಾರ್ಮು, ಕೆಸರಾದ ಕಾಲು, ಕೊಡೆ. ನನ್ನನ್ನು ಕಂಡು ಮುಖ ಅರಳಿತು, ಹೇಳಲಿಕ್ಕೆ ಬೆಟ್ಟದಷ್ಟು ಇತ್ತೆಂದು ಕಣ್ಣಲ್ಲೇ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಅಮ್ಮನನ್ನು ಕಂಡಳು. ಅಲ್ಲಿಯೇ ನಿಂತಳು. ನಾನು ಅಮ್ಮನನ್ನು ಎಬ್ಬಿಸಲು ಕೈ ಚಾಚಿದೆ. ಮೊದಲ ದಿನ, ಮಗಳು ಬಂದದ್ದನ್ನು ನೋಡಲಿ ಎಂದು.

"ಎಬ್ಬಿಸ್ಬೇಡಿ ಟೀಚರ್" ಎಂದು ಪಿಸುಗುಟ್ಟಿದಳು. "ಅಮ್ಮನದ್ದು ಮೂರು ವರ್ಷದ ನಿದ್ದೆ ಬಾಕಿ ಉಂಟು."

ಕೊಡೆಯನ್ನು ಗೋಡೆಗೆ ಒರಗಿಸಿ, ಚೀಲವನ್ನು ಸದ್ದಾಗದಂತೆ ಕೆಳಗಿಟ್ಟು, ಅಮ್ಮನ ತಲೆಯ ಬಳಿ ಗೋಡೆಗೆ ಬೆನ್ನು ಕೊಟ್ಟು ಕೂತುಕೊಂಡಳು. ಶಾಲೆಯ ಜಗಲಿಯಲ್ಲಿ ಅಮ್ಮ ಕೂರುತ್ತಿದ್ದ ಹಾಗೆ, ಎಷ್ಟು ಹೊತ್ತಾದರೂ ಪರವಾಗಿಲ್ಲ ಎನ್ನುವಂತೆ.